ಎರೆಯ ಬಯಲಿನಿಂದ ಪ್ರಭೇದಗಳ ಲೆಕ್ಕ

ಭೂಮಿಯ ಮೇಲೆ ಎಷ್ಟು ಬಗೆಯ ಜೀವಿಗಳಿವೆ ಎಂಬ ಪ್ರಶ್ನೆ ಕೇಳುವುದಕ್ಕೆ ಸರಳವಾದರೂ, ಅದಕ್ಕೆ ಕಳೆದ ನಾಲ್ಕು ದಶಕಗಳಲ್ಲಿ ವಿಜ್ಞಾನಿಗಳು ಕೊಟ್ಟಿರುವ ಉತ್ತರಗಳು ಕೆಲವು ಹತ್ತು ಲಕ್ಷಗಳಿಂದ ಹಿಡಿದು ಒಂದು ಲಕ್ಷ ಕೋಟಿಯವರೆಗೆ ಹರಡಿಕೊಂಡಿವೆ. ಇಷ್ಟು ದೊಡ್ಡ ಅಂತರ ಏಕೆ ಉಂಟಾಯಿತು, ಆ ಉತ್ತರಗಳನ್ನು ಯಾವ ಲೆಕ್ಕದಿಂದ ಪಡೆಯಲಾಯಿತು, ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆಭೂಮಿಗೂ ಕುರುಚಲು ಗುಡ್ಡಗಳಿಗೂ ಆ ಲೆಕ್ಕದಲ್ಲಿ ಯಾವ ಸ್ಥಾನವಿದೆ ಎಂಬುದನ್ನು ಮುಂದಿನ ಸಂವಾದ ವಿಚಾರಿಸುತ್ತದೆ. ಮಾತನಾಡುವವರಲ್ಲಿ ಒಬ್ಬರು ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಯುವ ರೈತರು. ಇನ್ನೊಬ್ಬರು ಪ್ರಾಣಿಶಾಸ್ತ್ರ ಕಲಿಸುವ ಅಧ್ಯಾಪಕರು.

ರೈತರು: ಗುರುಗಳೇ, ಮನುಷ್ಯರ ಗಣತಿಯಾಗುತ್ತದೆ, ಜಾನುವಾರುಗಳ ಗಣತಿಯಾಗುತ್ತದೆ, ಕಾಡಿನ ಹುಲಿಗಳನ್ನೂ ಎಣಿಸುತ್ತಾರೆ. ಹೀಗಿರುವಾಗ ಭೂಮಿಯ ಮೇಲಿನ ಜೀವಿಗಳು ಎಷ್ಟು ಬಗೆ ಎಂಬುದನ್ನು ಎಣಿಸಿ ಮುಗಿಸುವುದಕ್ಕೆ ಅಡ್ಡಿ ಏನು?

ಅಧ್ಯಾಪಕರು: ಯಜಮಾನರೇ, ಜನಗಣತಿಯವರು ಬಾಗಿಲಿಗೆ ಬಂದಾಗ ಮನೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ಹೇಳುವವರು ಒಳಗಿರುತ್ತಾರೆ, ಜೀವಿಗಳ ವಿಷಯದಲ್ಲಿ ಅಂಥವರು ಯಾರೂ ಇಲ್ಲದ ಕಾರಣ, ಪ್ರತಿಯೊಂದು ಬಗೆಯನ್ನೂ ಒಬ್ಬರು ಹುಡುಕಿ, ಹಿಡಿದು, ಈಗಾಗಲೇ ಗೊತ್ತಿರುವ ಬಗೆಗಳೊಂದಿಗೆ ಹೋಲಿಸಿ, ಬೇರೆಯೆಂದು ತೋರಿಸಿ, ಹೆಸರಿಟ್ಟು ಪ್ರಕಟಿಸಿದ ಮೇಲೆಯೇ ಅದು ಪಟ್ಟಿಗೆ ಸೇರುತ್ತದೆ. ಹೀಗೆ ಪಟ್ಟಿಗೆ ಸೇರುವ ಘಟಕವನ್ನು ಪ್ರಭೇದ ಎನ್ನುತ್ತಾರೆ. ತಮ್ಮತಮ್ಮೊಳಗೆ ಕೂಡಿ ಸಂತತಿಯನ್ನು ಮುಂದುವರಿಸಬಲ್ಲ, ಇತರ ಗುಂಪುಗಳೊಂದಿಗೆ ಸಾಮಾನ್ಯವಾಗಿ ಹಾಗೆ ಕೂಡದ ಜೀವಿಗಳ ಗುಂಪು ಎಂಬುದು ಅದಕ್ಕೆ ಹೆಚ್ಚು ಬಳಕೆಯಲ್ಲಿರುವ ವಿವರಣೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು 4,400 ಪ್ರಾಣಿ ಪ್ರಭೇದಗಳಿದ್ದವು. ಇಂದು ಎಲ್ಲ ಜೀವಿಗಳೂ ಸೇರಿ ಹೆಸರು ಪಡೆದಿರುವ ಪ್ರಭೇದಗಳು ಸುಮಾರು 20 ಲಕ್ಷ; ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಈ ದೇಶದ ಪ್ರಾಣಿಗಳೇ 1,04,561. ಆದರೆ ಇವೆಲ್ಲ ಹೆಸರು ಪಡೆದವುಗಳ ಸಂಖ್ಯೆಗಳು, ಇರುವವುಗಳ ಸಂಖ್ಯೆಯಲ್ಲ. ಇರುವುದಕ್ಕೂ ಹೆಸರು ಪಡೆದಿರುವುದಕ್ಕೂ ನಡುವಿನ ಈ ಅಂತರವನ್ನು ಜೀವವಿಜ್ಞಾನಿಗಳು ಲಿನೇಯಸನ ಕೊರತೆ ಎಂದು ಕರೆಯುತ್ತಾರೆ.

ರೈತರು: ಪಟ್ಟಿಯಲ್ಲಿರುವ ಸಂಖ್ಯೆಯಾದರೂ ಗಟ್ಟಿಯಾಗಿ ನಂಬುವಂಥದ್ದೇ?

ಅಧ್ಯಾಪಕರು: ಅದೂ ಎರಡು ಕಡೆಯಿಂದ ಅಲುಗಾಡುತ್ತದೆ, ಮತ್ತು ಎರಡಕ್ಕೂ ಉದಾಹರಣೆ ನಿಮ್ಮ ಹೊಲದಲ್ಲಿಯೇ ಇದೆ. ಜೆ. ಡಿ. ಸ್ನೋಡನ್ ಎಂಬ ಸಸ್ಯವಿಜ್ಞಾನಿ 1936ರಲ್ಲಿ ಬೇಸಾಯದ ಜೋಳಗಳನ್ನು ತೆನೆ, ಕಾಳು, ಹೊಟ್ಟುಗಳ ಆಕಾರ ನೋಡಿ ವಿಂಗಡಿಸಿ, ಅವನ್ನು 30ರಷ್ಟು ಬೇರೆಬೇರೆ ಪ್ರಭೇದಗಳೆಂದು ಬರೆದಿದ್ದರು. ಅವೆಲ್ಲ ಒಂದರೊಡನೊಂದು ಸುಲಭವಾಗಿ ಕೂಡುತ್ತವೆ, ಕೂಡಿದ ಮೇಲೆ ಚೆನ್ನಾಗಿ ಕಾಳು ಕಟ್ಟುತ್ತವೆ ಎಂಬ ಕಾರಣಕ್ಕೆ ಹಾರ್ಲನ್ ಮತ್ತು ಡಿ ವೆಟ್ ಎಂಬ ವಿಜ್ಞಾನಿಗಳು 1970ರ ದಶಕದಲ್ಲಿ ಅವನ್ನೆಲ್ಲ ಒಂದೇ ಪ್ರಭೇದದ ಐದು ತಳಿಗುಂಪುಗಳೆಂದು ಒಟ್ಟುಗೂಡಿಸಿದರು. ಹಾಗಾಗಿ ಬಿಳಿಜೋಳ, ಕೆಂಪುಜೋಳ, ಹಿಂಗಾರಿಯ ಮಾಲ್ದಂಡಿ, ಮುಂಗಾರಿಯ ಹೈಬ್ರಿಡ್ ಎಲ್ಲವೂ ಇಂದು ಒಂದೇ ಹೆಸರಿನಡಿ ಬರುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಹತ್ತಿಯಲ್ಲೂ ಮೆಣಸಿನ ಗಿಡದಲ್ಲೂ ಕೂತು ರಸ ಹೀರುವ ಬಿಳಿನೊಣವನ್ನು ಬಹುಕಾಲ ಒಂದೇ ಪ್ರಭೇದವೆಂದು ಭಾವಿಸಲಾಗಿತ್ತು. ಜಗತ್ತಿನ ಬೇರೆಬೇರೆ ಭಾಗಗಳಿಂದ ತಂದ ನೊಣಗಳ ಡಿಎನ್‌ಎ, ಅಂದರೆ ಜೀವಕೋಶದೊಳಗೆ ಆನುವಂಶಿಕ ಮಾಹಿತಿಯನ್ನು ಹೊತ್ತಿರುವ ಎಳೆಯನ್ನು, ಹೋಲಿಸಿ ನೋಡಿದಾಗ ಆ ಒಂದು ಹೆಸರಿನೊಳಗೆ ಕನಿಷ್ಠ 24 ಪ್ರಭೇದಗಳಿವೆ ಎಂದು 2011ರ ಹೊತ್ತಿಗೆ ಗೊತ್ತಾಯಿತು, ಆಮೇಲೆ ಆ ಸಂಖ್ಯೆ ಇನ್ನೂ ಏರಿತು. ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತ, ಒಳಗೆ ಬೇರೆಯಾಗಿರುವ ಇಂಥವನ್ನು ಗುಪ್ತ ಪ್ರಭೇದಗಳು ಎನ್ನುತ್ತಾರೆ. ಜೋಳದಂಥ ಪ್ರಕರಣಗಳು ಪಟ್ಟಿಯನ್ನು ಕಿರಿದಾಗಿಸಿದರೆ ಬಿಳಿನೊಣದಂಥವು ಹಿಗ್ಗಿಸುತ್ತವೆ.

ರೈತರು: ಪಟ್ಟಿಯೇ ಹೀಗಿರುವಾಗ, ಯಾರೂ ನೋಡದೇ ಇರುವುದನ್ನು ಲೆಕ್ಕ ಹಾಕುವುದು ಹೇಗೆ ಸಾಧ್ಯ? ಕಾಣದ್ದಕ್ಕೆ ಲೆಕ್ಕ ಎಲ್ಲಿಂದ ಬರುತ್ತದೆ?

ಅಧ್ಯಾಪಕರು: ಬೆಳೆವಿಮೆಯ ಕಾಲದಲ್ಲಿ ಗ್ರಾಮ ಪಂಚಾಯತಿಯ ಹೊಲಗಳಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗವನ್ನು ನೆನೆದರೆ ಆ ಲೆಕ್ಕದ ಮೊದಲ ಹೆಜ್ಜೆ ಅರ್ಥವಾಗುತ್ತದೆ. ಇಡೀ ಪಂಚಾಯತಿಯ ಬೆಳೆಯನ್ನು ತೂಗಲಾಗದ್ದರಿಂದ, ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ಕೆಲವು ಸರ್ವೆ ನಂಬರುಗಳನ್ನು ಆರಿಸಿ, ಬಹುತೇಕ ಬೆಳೆಗಳಿಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡನ್ನು ಗುರುತು ಮಾಡಿ, ಅಲ್ಲಿಯ ಬೆಳೆಯನ್ನು ಕೊಯ್ದು, ಒಕ್ಕಿ, ತೂಗಿ, ಅದರಿಂದ ಹೆಕ್ಟೇರಿನ ಇಳುವರಿ ತೆಗೆಯುತ್ತಾರೆ. ತುಂಡಿನ ವಿಸ್ತೀರ್ಣ 25 ಚದರ ಮೀಟರ್, ಹೆಕ್ಟೇರು 10,000 ಚದರ ಮೀಟರ್; ಆದ್ದರಿಂದ ತೂಕವನ್ನು 400ರಿಂದ ಗುಣಿಸಬೇಕಾಗುತ್ತದೆ.

ರೈತರು: ಆ 400ರ ಕಷ್ಟ ಈ ಭಾಗದ ರೈತರಿಗೆ ಚೆನ್ನಾಗಿ ಗೊತ್ತು. ತುಂಡು ಬಿದ್ದ ಜಾಗದಲ್ಲಿ ಬೆಳೆ ಚೆನ್ನಾಗಿದ್ದು ಸುತ್ತಲೂ ಒಣಗಿದ್ದರೆ, ಒಂದು ಹಿಡಿ ಕಾಳಿನ ವ್ಯತ್ಯಾಸ 400 ಹಿಡಿಯಾಗಿ ಇಡೀ ಪಂಚಾಯತಿಯ ಪರಿಹಾರವನ್ನೇ ತಪ್ಪಿಸುತ್ತದೆ.

ಅಧ್ಯಾಪಕರು: ಪ್ರಭೇದಗಳ ಲೆಕ್ಕದಲ್ಲಿ ಹೆಸರಾದ ಒಂದು ಪ್ರಯತ್ನಕ್ಕೆ ಆದದ್ದೂ ಅದೇ. ಅಮೆರಿಕದ ಕೀಟವಿಜ್ಞಾನಿ ಟೆರಿ ಅರ್ವಿನ್ ಪನಾಮಾ ದೇಶದ ಕಾಡಿನಲ್ಲಿ ಒಂದೇ ಪ್ರಭೇದಕ್ಕೆ ಸೇರಿದ 19 ಮರಗಳ ನೆತ್ತಿಗೆ ಕೀಟನಾಶಕದ ಹೊಗೆ ಹಾಯಿಸಿ, ಕೆಳಗೆ ಉದುರಿದ ದುಂಬಿಗಳನ್ನು, ಅಂದರೆ ಗಟ್ಟಿಯಾದ ಮುಂರೆಕ್ಕೆಗಳು ಚಿಪ್ಪಿನಂತೆ ಮೈಮುಚ್ಚುವ ಕೀಟಗಳನ್ನು, ಬೇರ್ಪಡಿಸಿ ನೋಡಿದಾಗ ಸುಮಾರು 1,200 ಪ್ರಭೇದಗಳು ದೊರೆತವು. ಅವುಗಳಲ್ಲಿ ಆ ಒಂದು ಮರವನ್ನೇ ನೆಚ್ಚಿಕೊಂಡವು ಎಷ್ಟು ಎಂಬುದಕ್ಕೆ ಅರ್ವಿನ್ ಬಳಿ ನೇರವಾದ ಆಧಾರವಿರಲಿಲ್ಲ. ಗಿಡದ ಭಾಗಗಳನ್ನು ತಿನ್ನುವ ದುಂಬಿಗಳಲ್ಲಿ ಶೇ. 20, ಬೇಟೆಯಾಡುವವುಗಳಲ್ಲಿ ಶೇ. 5, ಬೂಷ್ಟು ತಿನ್ನುವವುಗಳಲ್ಲಿ ಶೇ. 10, ಕೊಳೆತದ್ದನ್ನು ತಿನ್ನುವವುಗಳಲ್ಲಿ ಶೇ. 5 ಎಂದು ಊಹಿಸಿಕೊಂಡು, 163 ಎಂಬ ಸಂಖ್ಯೆಗೆ ಬಂದರು. ಉಷ್ಣವಲಯದಲ್ಲಿ 50,000 ಬಗೆಯ ಮರಗಳಿವೆ ಎಂದು ತೆಗೆದುಕೊಂಡು ಅದರಿಂದ ಗುಣಿಸಿದಾಗ ಮರದ ನೆತ್ತಿಯ ದುಂಬಿಗಳೇ 81 ಲಕ್ಷ ದಾಟಿದವು. ಕೀಟ, ಜೇಡ ಮುಂತಾದ ಸಂಧಿಪದಿಗಳಲ್ಲಿ, ಅಂದರೆ ಕೀಲುಕಾಲಿನ ಪ್ರಾಣಿಗಳಲ್ಲಿ, ದುಂಬಿಗಳ ಪಾಲು ಶೇ. 40 ಎಂದುಕೊಂಡಾಗ ಅದು ಎರಡು ಕೋಟಿಯಾಯಿತು. ನೆಲದ ಮೇಲಿನವುಗಳಿಗೆಂದು ಅದರ ಅರ್ಧದಷ್ಟು ಕೂಡಿಸಿದಾಗ ಮೂರು ಕೋಟಿಯಾಯಿತು. ಜಗತ್ತಿನಲ್ಲಿ 15 ಲಕ್ಷದಷ್ಟು ಪ್ರಭೇದಗಳಿಗೂ ಹೆಸರು ಸಿಕ್ಕಿರದ ಆ ದಿನಗಳಲ್ಲಿ, 1982ರಲ್ಲಿ, ಎರಡೇ ಪುಟಗಳ ಲೇಖನವೊಂದು ಮೂರು ಕೋಟಿ ಎಂದಿತು.

ರೈತರು: 163ರ ಬದಲು ಅದು 40 ಆಗಿದ್ದರೆ?

ಅಧ್ಯಾಪಕರು: ಮೂರು ಕೋಟಿ ಮುಕ್ಕಾಲು ಕೋಟಿಗೆ ಇಳಿಯುತ್ತಿತ್ತು, ಮತ್ತು ಮುಂದೆ ಆದದ್ದು ಬಹುಮಟ್ಟಿಗೆ ಅದೇ. ನ್ಯೂಗಿನಿಯ ಕಾಡುಗಳಲ್ಲಿ ಯಾವ ಕೀಟ ಯಾವ ಗಿಡದ ಎಲೆ ತಿನ್ನುತ್ತದೆ ಎಂಬುದನ್ನು ಸಾಕಿ ನೋಡಿದ ನೊವೊಟ್ನಿ ಮತ್ತು ಸಂಗಡಿಗರು, ಹೆಚ್ಚಿನ ಕೀಟಗಳು ಒಂದೇ ಮರಕ್ಕೆ ಅಂಟಿಕೊಳ್ಳದೆ ಹತ್ತಿರದ ಸಂಬಂಧದ ಹಲವು ಮರಗಳನ್ನು ತಿನ್ನುತ್ತವೆ ಎಂದು ಕಂಡು, 2002ರಲ್ಲಿ ಜಗತ್ತಿನ ಸಂಧಿಪದಿಗಳನ್ನು 40ರಿಂದ 60 ಲಕ್ಷಕ್ಕೆ ಇಳಿಸಿದರು. ಬ್ರಿಟಿಷ್ ಮೂಲದ ನೈಜೆಲ್ ಸ್ಟಾರ್ಕ್ ಮತ್ತು ಸಂಗಡಿಗರು 2015ರಲ್ಲಿ ಹಲವು ವಿಧಾನಗಳನ್ನು ಒಟ್ಟಿಗೆ ಇಟ್ಟು ನೋಡಿ, ದುಂಬಿಗಳು 15 ಲಕ್ಷ, ಎಲ್ಲ ಕೀಟಗಳು 55 ಲಕ್ಷ, ನೆಲದ ಮೇಲಿನ ಎಲ್ಲ ಸಂಧಿಪದಿಗಳು 68 ಲಕ್ಷ ಎಂಬ ಅಂದಾಜಿಗೆ ಬಂದರು. ಅರ್ವಿನ್ ಅವರ ಸಂಖ್ಯೆ ನಿಲ್ಲದಿದ್ದರೂ ಅವರ ಲೇಖನ ವ್ಯರ್ಥವಾಗಲಿಲ್ಲ. ತಾವು ಊಹಿಸಿದ್ದು ಏನೇನು ಎಂಬುದನ್ನು ಒಂದೊಂದಾಗಿ ಬಿಚ್ಚಿ ಬರೆದಿದ್ದ ಕಾರಣಕ್ಕೇ ಮುಂದಿನವರು ಒಂದೊಂದನ್ನೂ ಎತ್ತಿ ಪರೀಕ್ಷಿಸಲು ಸಾಧ್ಯವಾಯಿತು.

ರೈತರು: ಬೆಳೆ ಕಟಾವಿನಲ್ಲಿ ನಾಲ್ಕು ತುಂಡು ಕೊಯ್ದರೆ ನಾಲ್ಕರ ತೂಕವನ್ನೂ ಕೂಡಬಹುದು. ನಾಲ್ಕು ತುಂಡುಗಳ ಹುಳಗಳನ್ನು ಹಾಗೆ ಕೂಡುವುದು ಸರಿಯೇ? ಮೊದಲ ತುಂಡಿನಲ್ಲಿದ್ದ ಇರುವೆಯೇ ಎರಡನೆಯದರಲ್ಲೂ ಇರುತ್ತದಲ್ಲ.

ಅಧ್ಯಾಪಕರು: ಈ ವಿಷಯದ ಬೇರು ಇರುವುದೇ ಅಲ್ಲಿ. ತೂಕ ಕೂಡುತ್ತದೆ, ಪ್ರಭೇದಗಳು ಹಾಗೆ ಕೂಡುವುದಿಲ್ಲ. ಎರಡನೆಯ ತುಂಡಿನಲ್ಲಿ ಸಿಕ್ಕವುಗಳಲ್ಲಿ ಮೊದಲನೆಯದರಲ್ಲಿ ಇಲ್ಲದವು ಮಾತ್ರ ಹೊಸದಾಗಿ ಲೆಕ್ಕಕ್ಕೆ ಸೇರುತ್ತವೆ. ತುಂಡುಗಳು ಹೆಚ್ಚಾದಂತೆ ಹೊಸದು ಸಿಗುವುದು ಕಡಿಮೆಯಾಗುತ್ತ ಹೋಗುತ್ತದೆ. ಹೀಗಾಗಿ ನೋಡಿದ ಜಾಗ ಹತ್ತು ಪಟ್ಟಾದರೆ ಪ್ರಭೇದಗಳು ಹತ್ತು ಪಟ್ಟಾಗುವುದಿಲ್ಲ, ಅನೇಕ ಕಡೆಗಳಲ್ಲಿ ಸುಮಾರು ಎರಡು ಪಟ್ಟು ಮಾತ್ರ ಆಗುತ್ತವೆ. ಅಂದರೆ ಒಟ್ಟು ಸಂಖ್ಯೆಯನ್ನು ತಿಳಿಯಬೇಕಾದರೆ ಒಂದು ಜಾಗದಲ್ಲಿ ಎಷ್ಟಿವೆ ಎಂಬುದಷ್ಟೇ ಸಾಲದು, ಎರಡು ಜಾಗಗಳ ನಡುವೆ ಎಷ್ಟು ಹಂಚಿಕೆಯಾಗಿವೆ ಎಂಬುದೂ ಬೇಕು. ನರಗುಂದದ ಕಾಲುವೆ ನೀರಿನ ಹೊಲದ ಕೀಟಗಳಲ್ಲಿ ಎಷ್ಟು ರೋಣದ ಮಳೆಯಾಶ್ರಿತ ಎರೆಯಲ್ಲೂ ಇವೆ, ಆ ಎರಡರಲ್ಲಿ ಎಷ್ಟು ಗಜೇಂದ್ರಗಡದ ಕಲ್ಲುಗುಡ್ಡದ ಮೇಲೂ ಇವೆ ಎಂಬುದು ತಿಳಿಯದೆ ಮೂರು ತಾಲ್ಲೂಕುಗಳ ಮೊತ್ತವನ್ನು ಯಾರೂ ಹೇಳಲಾರರು.

ರೈತರು: ಹೊಸದು ಸಿಗುವುದು ಕಡಿಮೆಯಾಗುತ್ತ ಬಂದಾಗ, ಇನ್ನೆಷ್ಟು ಉಳಿದಿವೆ ಎಂಬುದನ್ನು ಅಂದಾಜು ಮಾಡುವ ಉಪಾಯವೇನಾದರೂ ಇದೆಯೇ?

ಅಧ್ಯಾಪಕರು: ಇದೆ, ಮತ್ತು ಅದರ ಹಿಂದಿರುವ ಹೆಸರು ಕೃಷಿಗೂ ಹತ್ತಿರದ್ದು. ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗದ ಹೊಲಗಳಲ್ಲಿ ಮಡಿಗಳನ್ನು ಚೀಟಿ ಎತ್ತಿ ಹಂಚುವ ಪದ್ಧತಿಯನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವರು ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್. ಮಲಯದಲ್ಲಿ ಚಿಟ್ಟೆಗಳನ್ನು ಸಂಗ್ರಹಿಸಿದ್ದ ಕಾರ್ಬೆಟ್ ಎಂಬವರು, ಇನ್ನೂ ಅಷ್ಟೇ ಕಾಲ ಹುಡುಕಿದರೆ ಹೊಸ ಬಗೆಗಳು ಎಷ್ಟು ಸಿಕ್ಕಾವು ಎಂದು ಫಿಶರ್ ಅವರನ್ನು ಕೇಳಿದರು. ಕಾರ್ಬೆಟ್ ಅವರ ಸಂಗ್ರಹದಲ್ಲಿ ಒಂದೇ ಒಂದು ಚಿಟ್ಟೆಯಷ್ಟೇ ಸಿಕ್ಕ ಪ್ರಭೇದಗಳು 118, ಎರಡು ಸಿಕ್ಕವು 74, ಮೂರು ಸಿಕ್ಕವು 44, ನಾಲ್ಕು ಸಿಕ್ಕವು 24, ಹೀಗೆ ಸಾಗುತ್ತಿದ್ದವು. ಮೊದಲನೆಯದರಿಂದ ಎರಡನೆಯದನ್ನು ಕಳೆದು, ಮೂರನೆಯದನ್ನು ಕೂಡಿ, ನಾಲ್ಕನೆಯದನ್ನು ಕಳೆದು, ಹಾಗೆಯೇ ಮುಂದುವರಿದರೆ ಬರುವ ಸುಮಾರು 75 ಎಂಬುದೇ ಉತ್ತರವಾಗಿತ್ತು. ಅದೇ ರಾಥಮ್‌ಸ್ಟೆಡ್‌ನಲ್ಲಿ ಬೆಳಕಿನ ಬಲೆಯಿಟ್ಟು ಪತಂಗಗಳನ್ನು ಎಣಿಸುತ್ತಿದ್ದ ವಿಲಿಯಮ್ಸ್ ಕೂಡ ಸೇರಿ, ಮೂವರೂ 1943ರಲ್ಲಿ ಇದನ್ನು ಪ್ರಕಟಿಸಿದರು. ಕಾಣದ್ದರ ಸುಳಿವು ಇರುವುದು ಹೆಚ್ಚು ಕಂಡದ್ದರಲ್ಲಲ್ಲ, ಒಂದೇ ಒಂದು ಸಲ ಕಂಡದ್ದರಲ್ಲಿ ಎಂಬುದು ಅದರ ತಿರುಳು: ಒಂದೇ ಸಲ ಕಂಡ ಬಗೆಗಳು ಬಹಳ ಇದ್ದರೆ, ಒಂದು ಸಲವೂ ಕಾಣದ ಬಗೆಗಳೂ ಬಹಳ ಇರಲೇಬೇಕು.

ರೈತರು: ಕಡಲೆಯ ಕಾಯಿಕೊರಕ ಕೀಡೆಗೆ ಈ ಕಡೆಯ ಹೊಲಗಳಲ್ಲೂ ಬೆಳಕಿನ ಬಲೆ, ಮೋಹಕ ಬಲೆ ಇಡುತ್ತಾರೆ. ಅವುಗಳಿಂದ ಇಂಥ ಲೆಕ್ಕ ಮಾಡಬಹುದೇ?

ಅಧ್ಯಾಪಕರು: ಮೋಹಕ ಬಲೆಯಲ್ಲಿ ಇಡುವ ವಾಸನೆ ಒಂದೇ ಪ್ರಭೇದದ ಗಂಡು ಪತಂಗಗಳನ್ನು ಕರೆಯುವಂಥದ್ದಾದ್ದರಿಂದ ಅದು ಈ ಕೆಲಸಕ್ಕೆ ಬರುವುದಿಲ್ಲ; ಬೆಳಕಿನ ಬಲೆ ಬರುತ್ತದೆ. ಲೆಕ್ಕವನ್ನು ತೋರಿಸುವುದಕ್ಕಾಗಿ ಮಾತ್ರ ಹೀಗೆಂದುಕೊಳ್ಳಿ: ಒಂದು ಹಿಂಗಾರಿಯಲ್ಲಿ ಬಲೆಗೆ ಬಿದ್ದ ಬಗೆಗಳು 40, ಅವುಗಳಲ್ಲಿ ಒಂದೇ ಒಂದು ಸಲ ಸಿಕ್ಕವು 12, ಎರಡು ಸಲ ಸಿಕ್ಕವು 6. ತೈವಾನ್ ಮೂಲದ ಸಂಖ್ಯಾಶಾಸ್ತ್ರಜ್ಞೆ ಆನ್ ಚಾವ್ 1984ರಲ್ಲಿ ತೋರಿಸಿದ ಸೂತ್ರದಂತೆ, 12ನ್ನು ಅದರಿಂದಲೇ ಗುಣಿಸಿ ಬಂದ 144ನ್ನು 6ರ ಎರಡರಷ್ಟಾದ 12ರಿಂದ ಭಾಗಿಸಿದರೆ ಮತ್ತೆ 12 ಬರುತ್ತದೆ. ಅಂದರೆ ಬಲೆಗೆ ಬೀಳದ ಬಗೆಗಳು ಕನಿಷ್ಠ 12, ಒಟ್ಟು ಕನಿಷ್ಠ 52. ಈ ಸೂತ್ರ ಕೊಡುವುದು ಕೆಳಮಿತಿಯನ್ನು ಮಾತ್ರ, ನಿಜವಾದ ಸಂಖ್ಯೆ ಅದಕ್ಕಿಂತ ಹೆಚ್ಚಿರಬಹುದು. ಇದೇ ತೆರನ ತರ್ಕವನ್ನು ಜಗತ್ತಿನ ಮರಗಳಿಗೆ ಅನ್ವಯಿಸಿದ ಅಂತರರಾಷ್ಟ್ರೀಯ ತಂಡವೊಂದು, ಗೊತ್ತಿರುವ ಸುಮಾರು 64,100 ಮರ ಪ್ರಭೇದಗಳ ಜೊತೆಗೆ ಇನ್ನೂ ಸುಮಾರು 9,200 ಯಾರ ಗಮನಕ್ಕೂ ಬಾರದೆ ಉಳಿದಿವೆ ಎಂದು 2022ರಲ್ಲಿ ಹೇಳಿತು. ನೆಟ್ಟಗೆ ನಿಂತ ಮರಗಳಲ್ಲೇ ಇಷ್ಟು ಉಳಿದಿರುವಾಗ ನೆಲದಡಿಯ ಹುಳಗಳಲ್ಲಿ ಉಳಿದಿರುವುದು ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು.

ರೈತರು: ಪತ್ರಿಕೆಗಳಲ್ಲಿ 87 ಲಕ್ಷ ಎಂಬ ಸಂಖ್ಯೆ ಆಗಾಗ ಕಾಣುತ್ತದೆ. ಅದು ಯಾವ ದಾರಿಯಿಂದ ಬಂದದ್ದು?

ಅಧ್ಯಾಪಕರು: ಕೆನಡಾದ ಡಲ್ಹೌಸಿ ವಿಶ್ವವಿದ್ಯಾಲಯದಲ್ಲಿದ್ದ ಕಮಿಲೊ ಮೊರಾ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟದ್ದು ಅದು. ಪ್ರಭೇದಗಳನ್ನು ಕುಲಗಳಾಗಿ, ಕುಲಗಳನ್ನು ಕುಟುಂಬಗಳಾಗಿ, ಕುಟುಂಬಗಳನ್ನು ಗಣಗಳಾಗಿ ಮೇಲಮೇಲಕ್ಕೆ ಜೋಡಿಸುವ ಪದ್ಧತಿ ವರ್ಗೀಕರಣದಲ್ಲಿದೆ. ಮೇಲಿನ ಹಂತಗಳಲ್ಲಿ ಹೊಸದು ಸಿಗುವುದು ಬಹುಮಟ್ಟಿಗೆ ನಿಂತಿರುವುದರಿಂದ ಅವುಗಳ ಸಂಖ್ಯೆ ಸ್ಥಿರವಾಗಿದೆ, ಮತ್ತು ಒಂದು ಹಂತದಿಂದ ಕೆಳಗಿನ ಹಂತಕ್ಕೆ ಸಂಖ್ಯೆ ಹೆಚ್ಚುವ ರೀತಿಯಲ್ಲಿ ಒಂದು ಕ್ರಮ ಕಾಣುತ್ತದೆ. ಆ ಕ್ರಮವನ್ನು ಕೊನೆಯ ಹಂತಕ್ಕೆ ಚಾಚಿ, ಜೀವಕೋಶದಲ್ಲಿ ನ್ಯೂಕ್ಲಿಯಸ್ ಇರುವ ಜೀವಿಗಳು, ಅಂದರೆ ಬ್ಯಾಕ್ಟೀರಿಯಾಗಳಂಥವನ್ನು ಬಿಟ್ಟು ಉಳಿದವು, ಸುಮಾರು 87 ಲಕ್ಷ, 13 ಲಕ್ಷ ಹೆಚ್ಚು ಅಥವಾ ಕಡಿಮೆ ಎಂದರು. ಅವುಗಳಲ್ಲಿ ಸಮುದ್ರದವು 22 ಲಕ್ಷ. ವರ್ಗೀಕರಣದ ಹಂತಗಳು ಮನುಷ್ಯರು ಮಾಡಿಕೊಂಡ ವಿಂಗಡಣೆಯಾಗಿರುವುದರಿಂದ ಅವುಗಳ ಕ್ರಮವನ್ನು ಪ್ರಕೃತಿಯ ನಿಯಮವೆಂಬಂತೆ ನೆಚ್ಚುವುದು ಸರಿಯೇ ಎಂಬ ಆಕ್ಷೇಪಕ್ಕೆ ತೃಪ್ತಿಕರವಾದ ಸಮಾಧಾನ ಸಿಕ್ಕಿಲ್ಲ. ಬೂಷ್ಟುಗಳ, ಅಂದರೆ ಶಿಲೀಂಧ್ರಗಳ, ವಿಷಯದಲ್ಲಿ ಆ ಲೆಕ್ಕ ಸುಮಾರು 6 ಲಕ್ಷ ಎನ್ನುತ್ತದೆ. ಆದರೆ ಬ್ರಿಟನ್ನಿನಲ್ಲಿ ಒಂದೊಂದು ಸಸ್ಯ ಪ್ರಭೇದಕ್ಕೆ ಆರರಷ್ಟು ಶಿಲೀಂಧ್ರಗಳಿರುವುದನ್ನು ಗಮನಿಸಿ ಡೇವಿಡ್ ಹಾಕ್ಸ್‌ವರ್ತ್ 1991ರಲ್ಲಿ 15 ಲಕ್ಷ ಎಂದಿದ್ದರು, 2017ರಲ್ಲಿ ಅದನ್ನೇ 22ರಿಂದ 38 ಲಕ್ಷಕ್ಕೆ ಏರಿಸಿದರು. ಬ್ಯಾಕ್ಟೀರಿಯಾಗಳನ್ನು ಸೇರಿಸಿದರೆ ಅಂದಾಜುಗಳು ಕೈಗೆ ಸಿಗದಷ್ಟು ದೂರ ಚೆಲ್ಲಾಪಿಲ್ಲಿಯಾಗುತ್ತವೆ: 2016ರ ಒಂದು ಲೆಕ್ಕ ಒಂದು ಲಕ್ಷ ಕೋಟಿ ಎಂದಿತು, 2019ರ ಇನ್ನೊಂದು ಲೆಕ್ಕ ಬ್ಯಾಕ್ಟೀರಿಯಾಗಳಂಥವು ಮಾತ್ರ 8ರಿಂದ 16 ಲಕ್ಷ ಎಂದಿತು.

ರೈತರು: ಹಾಗಾದರೆ ಬ್ಯಾಕ್ಟೀರಿಯಾಗಳನ್ನು ಪಕ್ಕಕ್ಕಿಟ್ಟು, ಕಣ್ಣಿಗೆ ಕಾಣುವ ಹುಳುಹುಪ್ಪಟೆಗಳಲ್ಲಿ ಅತಿ ಹೆಚ್ಚು ಕತ್ತಲೆ ಇರುವುದು ಎಲ್ಲಿ?

ಅಧ್ಯಾಪಕರು: ರೈತರ ಬೆಳೆಯಲ್ಲೇ ಅದರ ಎರಡು ಬಾಗಿಲುಗಳಿವೆ. ಜೋಳ ಹೂ ಬಿಡುವಾಗ ತೆನೆಯಲ್ಲಿ ಮೊಟ್ಟೆಯಿಟ್ಟು ಕಾಳು ಕಟ್ಟದಂತೆ ಮಾಡುವ, ನುಸಿಗಿಂತ ದೊಡ್ಡದಲ್ಲದ, ಕಿತ್ತಳೆ ಬಣ್ಣದ ನೊಣವೊಂದಿದೆಯಷ್ಟೆ. ಅದರ ಕುಟುಂಬದಲ್ಲಿ ಜಗತ್ತಿನಾದ್ಯಂತ ಹೆಸರು ಪಡೆದಿರುವವು ಕೆಲವೇ ಸಾವಿರ. ಒಂದೊಂದು ಜೀವಿಯ ಡಿಎನ್‌ಎಯ ಒಂದು ಗೊತ್ತಾದ ಚಿಕ್ಕ ತುಣುಕನ್ನು ಓದಿ ಪ್ರಭೇದವನ್ನು ಗುರುತಿಸುವ ವಿಧಾನವನ್ನು 2003ರಲ್ಲಿ ಮುಂದಿಟ್ಟ ಕೆನಡಾದ ಪಾಲ್ ಹೀಬರ್ಟ್ ಮತ್ತು ಸಂಗಡಿಗರು, ಆ ಶೀತದೇಶವೊಂದರಲ್ಲೇ ಈ ಕುಟುಂಬದ ಸುಮಾರು 16,000 ಪ್ರಭೇದಗಳಿರಬೇಕೆಂದೂ ಜಗತ್ತಿನಲ್ಲಿ 18 ಲಕ್ಷದವರೆಗೆ ಇರಬಹುದೆಂದೂ 2016ರಲ್ಲಿ ಅಂದಾಜು ಮಾಡಿದರು. ಬೆಳೆ ತಿನ್ನುವ ಒಂದೆರಡನ್ನು ಬಿಟ್ಟರೆ ಉಳಿದವನ್ನು ಯಾರೂ ತಿರುಗಿ ನೋಡಿಲ್ಲ. ಎರಡನೆಯ ಬಾಗಿಲು ಕಡಲೆಯಲ್ಲಿದೆ. ಕೀಡೆಯೊಂದು ಸತ್ತು ಒಣಗಿ ಗಿಡಕ್ಕೆ ಅಂಟಿಕೊಂಡು, ಅದರ ಪಕ್ಕದಲ್ಲೇ ಒಂದು ಸಣ್ಣ ಗೂಡು ಇರುವುದನ್ನು ನೀವು ಕಂಡಿರಬಹುದು.

ರೈತರು: ಕಂಡದ್ದುಂಟು. ಅಕ್ಕಿಕಾಳಿನ ಗಾತ್ರದ ಗೂಡು. ಕೀಡೆಯೇ ಕಟ್ಟಿ ಸತ್ತದ್ದೆಂದು ಅನೇಕರು ತಿಳಿಯುತ್ತಾರೆ.

ಅಧ್ಯಾಪಕರು: ಅದನ್ನು ಕಟ್ಟಿದ್ದು ಕೀಡೆಯಲ್ಲ, ಕೀಡೆಯ ಮೈಯೊಳಗೆ ಮೊಟ್ಟೆಯಾಗಿ ಸೇರಿ, ಅದನ್ನು ಒಳಗಿನಿಂದ ತಿಂದು, ಹೊರಬಂದ ಮರಿಕಣಜ. ಕಾಂಪೊಲೆಟಿಸ್ ಕ್ಲೋರಿಡಿಯೆ ಎಂಬ ಈ ಕಣಜ ಕಡಲೆ ಬೆಳೆಗಾರರಿಗೆ ದೊಡ್ಡ ಉಪಕಾರಿ. ಇಂಥ ಕಣಜಗಳನ್ನು ಪರಾವಲಂಬಿ ಕಣಜಗಳೆನ್ನುತ್ತಾರೆ. ಬಹುತೇಕ ಪ್ರತಿಯೊಂದು ಕೀಟಕ್ಕೂ ಒಂದಾದರೂ ಕಣಜ ಬೆನ್ನು ಹತ್ತಿರುವುದರಿಂದ, ಇರುವೆ, ಜೇನು, ಕಣಜಗಳ ಗಣವು ದುಂಬಿಗಳಿಗಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದಾಗಿರಬೇಕೆಂದು ಫೋರ್ಬ್ಸ್ ಮತ್ತು ಸಂಗಡಿಗರು 2018ರಲ್ಲಿ ವಾದಿಸಿದರು. ಅದು ನಿಜವಾದರೆ ದುಂಬಿಗಳನ್ನು ಅಳತೆಗೋಲಾಗಿ ಹಿಡಿದು ಮಾಡಿದ ಹಿಂದಿನ ಲೆಕ್ಕಗಳೆಲ್ಲ ಕಡಿಮೆ ಬೀಳುತ್ತವೆ. ಇನ್ನು ಎರೆಯ ಒಳಗಿನ ಮಾತು: ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗೆ ಮುಚ್ಚಿಕೊಳ್ಳುವ ಈ ಮಣ್ಣಿನ ಬಿರುಕುಗಳಲ್ಲಿ, ಬೇರಿನ ಸುತ್ತ, ಗೊಬ್ಬರದ ಹೆಂಟೆಯಡಿ ಬದುಕುವವುಗಳನ್ನು ಹೆಚ್ಚಾಗಿ ಯಾವ ಪಟ್ಟಿಯೂ ಮುಟ್ಟಿಲ್ಲ, ಜಗತ್ತಿನ ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ. 59, ಮಣ್ಣಿನಲ್ಲಿಯೇ ವಾಸಿಸುತ್ತವೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಗಿದೆ.

ಈ ಹಂತದಲ್ಲಿ ಸಂವಾದವು ಲೆಕ್ಕದ ವಿಧಾನಗಳಿಂದ ಲೆಕ್ಕ ನಡೆದ ಜಾಗಗಳ ಕಡೆಗೆ ತಿರುಗುತ್ತದೆ. ಜಾಗದ ಆಯ್ಕೆಯಲ್ಲಿ ಪಕ್ಷಪಾತವಿದ್ದರೆ ಬೆಳೆ ಕಟಾವಿನ ತೂಕವನ್ನು ಯಾರೂ ಒಪ್ಪುವುದಿಲ್ಲ. ಪ್ರಭೇದಗಳ ಲೆಕ್ಕಕ್ಕೂ ಅದೇ ನ್ಯಾಯವನ್ನು ಅನ್ವಯಿಸಬೇಕೆಂಬುದು ಈ ಪ್ರಬಂಧದ ನಿಲುವು.

ರೈತರು: ಹೊಸ ಕಪ್ಪೆ, ಹೊಸ ಹೂವು ಸಿಕ್ಕಿತೆಂಬ ಸುದ್ದಿ ಬಂದಾಗಲೆಲ್ಲ ಅದು ಮಲೆನಾಡಿನದೇ ಆಗಿರುತ್ತದೆ. ಈ ಬಯಲಿನಲ್ಲಿ ಹೊಸದು ಇಲ್ಲವೋ, ಅಥವಾ ಹುಡುಕುವವರು ಇತ್ತ ಬರುವುದಿಲ್ಲವೋ?

ಅಧ್ಯಾಪಕರು: ಪಶ್ಚಿಮಘಟ್ಟದ ಸಂಪತ್ತು ನಿಜವಾಗಿಯೂ ದೊಡ್ಡದು, ಎಸ್. ಡಿ. ಬಿಜು ಮತ್ತು ಸಂಗಡಿಗರು 2014ರಲ್ಲಿ ಒಂದೇ ಲೇಖನದಲ್ಲಿ ಅಲ್ಲಿಯ 14 ಹೊಸ ಕುಣಿಯುವ ಕಪ್ಪೆಗಳನ್ನು ವರ್ಣಿಸಿದರು. ಆದರೆ ಬಯಲು ಬರಿದಾಗಿದೆ ಎಂಬ ತಿಳಿವಳಿಕೆ ತಪ್ಪು. ಕುರುಚಲು ಗಿಡಗಳ ನಡುವಿನ ಬೋಳು ನೆಲದಲ್ಲಿ ಕಲ್ಲಿನ ಮೇಲೇರಿ, ಗಂಟಲಿನ ಚರ್ಮವನ್ನು ಬೀಸಣಿಗೆಯಂತೆ ಬಿಡಿಸಿ ತೋರಿಸುವ ಓತಿಕೇತಗಳನ್ನು ನೋಡಿ. ಫ್ರಾನ್ಸಿನ ಕ್ಯೂವಿಯೇ 1829ರಲ್ಲಿ ಸಿತಾನ ಪಾಂಟಿಸೆರಿಯಾನ ಎಂದು ಹೆಸರಿಟ್ಟ ಮೇಲೆ, ಭಾರತದ ಇಂಥ ಬಹುತೇಕ ಓತಿಕೇತಗಳನ್ನು ಸುಮಾರು ಎರಡು ಶತಮಾನಗಳ ಕಾಲ ಆ ಒಂದು ಹೆಸರಿಗೇ ಸೇರಿಸಲಾಗುತ್ತಿತ್ತು. ವಿ. ದೀಪಕ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ ಮತ್ತು ಸಂಗಡಿಗರು ಪರ್ಯಾಯದ್ವೀಪ ಭಾರತದ ಉದ್ದಗಲಕ್ಕೂ ಹುಡುಕಿ, ಡಿಎನ್‌ಎಯನ್ನೂ ಮೈಯ ಲಕ್ಷಣಗಳನ್ನೂ ಹೋಲಿಸಿ, 2016ರಲ್ಲಿ ಸರದ ಎಂಬ ಒಂದು ಹೊಸ ಕುಲವನ್ನೂ ಐದು ಹೊಸ ಪ್ರಭೇದಗಳನ್ನೂ ಪ್ರಕಟಿಸಿದರು. ಕಾಡಿನ ಗುಟ್ಟಿನ ಮೂಲೆಗಳಲ್ಲಿ ಅಡಗಿದ್ದವಲ್ಲ ಅವು. ಕುರಿಗಾರರು, ದಾರಿಹೋಕರು ದಿನವೂ ನೋಡುತ್ತಿದ್ದ ಬಯಲಿನ ಪ್ರಾಣಿಗಳು.

ರೈತರು: ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ಅವುಗಳಿಂದ ಇಂಥ ಪ್ರಾಣಿಗಳಿಗೆ ಏನಾದರೂ ಆಗುತ್ತದೆಯೇ?

ಅಧ್ಯಾಪಕರು: ಸಾತಾರಾ ಬಳಿಯ ಚಾಳ್ಕೇವಾಡಿಯ ಪ್ರಸ್ಥಭೂಮಿಯಲ್ಲಿ ಮರಿಯಾ ಠಾಕರ್, ಅಮೋದ್ ಝಾಂಬ್ರೆ, ಹರ್ಷಲ್ ಭೋಸಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಗಾಳಿಯಂತ್ರಗಳಿರುವ ಕಡೆ ಹದ್ದು, ಗಿಡುಗಗಳು ಕಡಿಮೆಯಾಗಿ, ಅವುಗಳಿಗೆ ಆಹಾರವಾಗುತ್ತಿದ್ದ ಸರದ ಸೂಪರ್ಬ ಎಂಬ ಓತಿಕೇತಗಳು ಹೆಚ್ಚಾಗಿ, ಅವುಗಳ ಮೈಬಣ್ಣ, ಹೆದರಿಕೆ, ನಡವಳಿಕೆಗಳೂ ಬದಲಾದವು. ಆ ಓತಿಕೇತಕ್ಕೆ ಹೆಸರಿಟ್ಟದ್ದು 2016ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಹೆಸರು ಬರುವ ಮೊದಲೇ ಅದರ ನೆಲೆಯ ಸ್ವರೂಪ ಬದಲಾಗಿತ್ತು. ಗಜೇಂದ್ರಗಡದ ಗುಡ್ಡಗಳಲ್ಲಿ ಅಂಥ ಅಧ್ಯಯನ ನಡೆದರೆ ಅಲ್ಲಿಯೂ ಹಾಗೆಯೇ ಕಾಣುವುದೆಂದು ಹೇಳಲು ಬಾರದು, ಏಕೆಂದರೆ ನೆಲೆ ಬೇರೆ, ಪ್ರಾಣಿಗಳು ಬೇರೆ. ಆದರೆ ಕೇಳಬೇಕಾದ ಪ್ರಶ್ನೆ ಅದೇ.

ರೈತರು: ಆ ಗುಡ್ಡಗಳನ್ನೂ ಗೋಮಾಳಗಳನ್ನೂ ಪಾಳು ಭೂಮಿ ಎಂದು ಕರೆಯುವುದು ರೂಢಿಯಾಗಿದೆ. ಪಾಳು ಎಂದ ಮೇಲೆ ಅಲ್ಲಿ ನೋಡುವಂಥದ್ದು ಏನಿದೆ ಎಂದು ಯಾರಿಗಾದರೂ ಅನಿಸುತ್ತದೆ.

ಅಧ್ಯಾಪಕರು: ಭಾರತದ ಬಂಜರು ಭೂಮಿಯ ಅಧಿಕೃತ ನಕ್ಷೆಗಳಲ್ಲಿಯೂ ಕುರುಚಲು ಪ್ರದೇಶಗಳನ್ನು ಬಂಜರೆಂದೇ ಸೇರಿಸಲಾಗಿದೆ. ಎಂ. ಡಿ. ಮಧುಸೂದನ್ ಮತ್ತು ಅಬಿ ವನಕ್ 2022ರಲ್ಲಿ ಉಪಗ್ರಹ ಚಿತ್ರಗಳಿಂದ ಮಾಡಿದ ನಕ್ಷೆಯಂತೆ ಒಣಪ್ರದೇಶದ ಹುಲ್ಲುಗಾವಲು, ಕುರುಚಲು, ಕಲ್ಲುಬಯಲುಗಳು ದೇಶದ ಸುಮಾರು ಹತ್ತನೆಯ ಒಂದು ಭಾಗವಾಗಿವೆ, ಮತ್ತು ಅವುಗಳಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಭಾಗ ಮಾತ್ರ ಸಂರಕ್ಷಿತ ಪ್ರದೇಶಗಳೊಳಗಿದೆ. ಈ ಜಿಲ್ಲೆಯಲ್ಲಿಯೇ ಕಪ್ಪತಗುಡ್ಡಕ್ಕೆ 2019ರಲ್ಲಿ ವನ್ಯಜೀವಿಧಾಮದ ರಕ್ಷಣೆ ದೊರೆತಿದೆ. ಅದು ಗದಗ, ಮುಂಡರಗಿ, ಶಿರಹಟ್ಟಿ ಕಡೆಯದು. ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಉಳಿದಿರುವುದು ಗುಡ್ಡದ ಇಳಿಜಾರು, ಹಳ್ಳದ ದಂಡೆ, ಹೊಲಗಳ ನಡುವಿನ ಬದು, ಒಡ್ಡು, ಗೋಮಾಳದ ಚೂರುಗಳು. ಯಾವ ಪ್ರಭೇದ ಎಲ್ಲೆಲ್ಲಿ ಇದೆ ಎಂಬುದರ ತಿಳಿವಿನಲ್ಲಿರುವ ಕೊರತೆಯನ್ನು, ಆ ವಿಷಯದಲ್ಲಿ ದುಡಿದ ಆಲ್‌ಫ್ರೆಡ್ ವ್ಯಾಲೇಸನ ಹೆಸರಿನಿಂದ, ವ್ಯಾಲೇಸನ ಕೊರತೆ ಎನ್ನುತ್ತಾರೆ. ಜಗತ್ತಿನ ಮೊತ್ತವನ್ನು ಅಂದಾಜು ಮಾಡುವವರು ಇಂಥ ನೆಲೆಗಳನ್ನು ಬಿಟ್ಟು ಮಳೆಕಾಡುಗಳನ್ನೇ ಆಧಾರವಾಗಿಟ್ಟುಕೊಂಡರೆ, ನೀರಾವರಿಯ ಹೊಲಗಳಲ್ಲಿ ಮಾತ್ರ ತುಂಡು ಹಾಕಿ ಇಡೀ ತಾಲ್ಲೂಕಿನ ಇಳುವರಿ ಹೇಳಿದಂತಾಗುತ್ತದೆ.

ರೈತರು: ಇಲ್ಲಿ ಹುಡುಕಿ ತಂದರೂ ಇಂಥದ್ದೆಂದು ಗುರುತಿಸಿ ಹೇಳುವವರು ಬೇಕಲ್ಲ, ಗುರುಗಳೇ?

ಅಧ್ಯಾಪಕರು: ಎಲ್ಲಕ್ಕಿಂತ ದೊಡ್ಡ ಬಿಕ್ಕಟ್ಟು ಅದು. ಉಳಿದ ಪ್ರಭೇದಗಳನ್ನೆಲ್ಲ ಇಂದಿನ ವೇಗದಲ್ಲಿ ವರ್ಣಿಸಲು 1,200 ವರ್ಷಗಳೂ ಮೂರು ಲಕ್ಷಕ್ಕೂ ಹೆಚ್ಚು ವರ್ಗೀಕರಣ ತಜ್ಞರೂ ಬೇಕಾಗಬಹುದೆಂದು 87 ಲಕ್ಷದ ಲೆಕ್ಕ ಕೊಟ್ಟ ಅದೇ ಲೇಖನ ಹೇಳಿದೆ. ಹತ್ತಿಯಲ್ಲಿ ರಸ ಹೀರುವ ಜಿಗಿಹುಳುಗಳ ಗುಂಪನ್ನು ಭಾರತದ ಮಟ್ಟಿಗೆ ಒಂದು ವ್ಯವಸ್ಥೆಗೆ ತಂದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಿ. ಎ. ವಿರಕ್ತಮಠ ಅವರ ದಶಕಗಳ ದುಡಿಮೆ. ಒಂದು ಗುಂಪಿಗೆ ಅಂಥ ಒಬ್ಬರು ದೊರೆತಾಗ ಹತ್ತಾರು ವರ್ಷಗಳ ಕತ್ತಲೆ ಸರಿಯುತ್ತದೆ. ಆದರೆ ಅನೇಕ ಗುಂಪುಗಳಿಗೆ ಈ ದೇಶದಲ್ಲಿ ಒಬ್ಬರೂ ಸಿಗುವುದು ಕಷ್ಟ. ಕಾಲೇಜುಗಳಲ್ಲಿ ವರ್ಗೀಕರಣವನ್ನು ಹಳೆಯ ವಿಷಯವೆಂದು ಬದಿಗೆ ಸರಿಸಿರುವುದು ಎಷ್ಟು ದುಬಾರಿಯೆಂಬುದನ್ನು ಇನ್ನಾದರೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ರೈತರು: ಪಂಚಾಯತಿಗಳಲ್ಲಿ ಜೀವವೈವಿಧ್ಯದ ದಾಖಲೆ ಬರೆಯಬೇಕೆಂಬ ಕಾನೂನಿದೆಯಲ್ಲವೇ?

ಅಧ್ಯಾಪಕರು: 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ದಾಖಲಾತಿಗೆ ಬೆಳೆ, ತಳಿ, ಔಷಧಿ ಸಸ್ಯ, ಜಾನುವಾರು, ಹಕ್ಕಿ, ಪ್ರಾಣಿಗಳ ಹೆಸರುಗಳು ಸೇರುತ್ತವೆ. ಹೆಸರಷ್ಟೇ ಬರೆದರೆ ಅದು ಬರಿಯ ಪಟ್ಟಿಯಾಗುತ್ತದೆ. ಯಾವ ದಿನ, ಯಾವ ಸರ್ವೆ ನಂಬರಿನಲ್ಲಿ, ಬದುವಿನ ಮೇಲೋ ಬೆಳೆಯ ನಡುವೆಯೋ, ಎಷ್ಟು ಸಲ ಕಂಡಿತು ಎಂಬುದನ್ನೂ ಬರೆದರೆ ಆಗ ಅದರಿಂದ ಲೆಕ್ಕ ತೆಗೆಯಬಹುದು. ಹೆಸರು ಗೊತ್ತಿಲ್ಲದ ಹುಳಕ್ಕೆ ಹೆಸರಿನ ಬದಲು ಗುರುತಿನ ಸಂಖ್ಯೆ ಕೊಟ್ಟು, ಮಾದರಿಯನ್ನು ಮದ್ಯಸಾರದಲ್ಲಿ ಇಟ್ಟು, ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆಗೆ ತಲುಪಿಸಿದರೂ ಸಾಕು. ಹೆಸರು ಆಮೇಲೆ ಬರಬಹುದು, ಎಣಿಕೆ ಅದಕ್ಕಾಗಿ ಕಾಯಬೇಕಾಗಿಲ್ಲ.

ರೈತರು: ಬೆಳಕಿನ ಬಲೆಗೆ ಬಿದ್ದವುಗಳಲ್ಲಿ ಕಾಯಿಕೊರಕದ ಪತಂಗವನ್ನಷ್ಟೇ ಎಣಿಸಿ ಉಳಿದವನ್ನು ಚೆಲ್ಲುವುದು ವಾಡಿಕೆ. ಇನ್ನು ಮುಂದೆ ಚೆಲ್ಲದೆ ಇಟ್ಟುಕೊಳ್ಳುವುದಾದರೆ ಮೊದಲು ಯಾವುದನ್ನು ಬೇರ್ಪಡಿಸಬೇಕು?

ಅಧ್ಯಾಪಕರು: ಹೆಚ್ಚು ಬಿದ್ದವನ್ನಲ್ಲ, ಒಂದೇ ಒಂದು ಬಿದ್ದದ್ದನ್ನು. ಜೊತೆಗೆ ಬಲೆಯನ್ನು ಬೆಳೆಯ ನಡುವೆ ಮಾತ್ರ ಇಡದೆ, ಒಂದನ್ನು ಹರಗದೆ ಬಿಟ್ಟ ಬದುವಿನ ಮೇಲೆ, ಇನ್ನೊಂದನ್ನು ಗಜೇಂದ್ರಗಡದ ಗುಡ್ಡದ ಇಳಿಜಾರಿನಲ್ಲಿ, ಮತ್ತೊಂದನ್ನು ನರಗುಂದದ ಕಾಲುವೆಯ ದಂಡೆಯಲ್ಲಿ ಒಂದೇ ರಾತ್ರಿ ಇಟ್ಟರೆ, ಎಲ್ಲದರಲ್ಲೂ ಬಿದ್ದವು ಎಷ್ಟು, ಒಂದರಲ್ಲೇ ಬಿದ್ದವು ಎಷ್ಟು ಎಂಬುದು ತಿಳಿಯುತ್ತದೆ.

ರೈತರು: ಹಿಂಗಾರಿ ಬಿತ್ತನೆ ಮುಗಿದು ಕಡಲೆ ಹೂ ಬಿಡುವ ಹೊತ್ತಿಗೆ ಶುರು ಮಾಡಬಹುದು. ಗುಡ್ಡದ ಮೇಲಿನ ಬಲೆಯನ್ನು ಕಾಯುವುದಕ್ಕೆ ಅಲ್ಲಿ ಹಟ್ಟಿ ಹಾಕುವ ಕುರಿಗಾರರನ್ನು ಕೇಳಬೇಕು.

ಅಧ್ಯಾಪಕರು: ಅವರನ್ನು ಕಾಯುವುದಕ್ಕಷ್ಟೇ ಕೇಳುವುದು ಸಾಲದು. ಯಾವ ಓತಿಕೇತ ಯಾವ ಕಲ್ಲಿನ ಮೇಲೆ, ಯಾವ ತಿಂಗಳಲ್ಲಿ ಕಾಣುತ್ತದೆ ಎಂಬುದನ್ನು ಅವರಿಂದಲೇ ಕೇಳಿ ದಾಖಲಾತಿಯ ಮೊದಲ ಪುಟದಲ್ಲಿ ಬರೆದುಕೊಳ್ಳಬೇಕು.